ಸುಟ್ಟರೂ ಹೋಗದ ಅಫೀಮು

ಸಾವಿರ ಟನ್‌ಗೂ ಜಾಸ್ತಿ ಅಫೀಮನ್ನು ನಾಶ ಮಾಡುವುದು ಹೇಗೆ? 1839ರ ಜೂನ್‌ನಲ್ಲಿ ಲಿನ್ ಝೆಷೂ ಎಂಬ ಚೀನೀ ಅಧಿಕಾರಿಗೆ ಬಂದ ತಲೆನೋವು ಇದು. ಚೀನಾದಲ್ಲಿ ಅಫೀಮು ನಿಷಿದ್ಧ. ವಿದೇಶಿ ವ್ಯಾಪಾರಿಗಳಿಂದ, ಅದರಲ್ಲೂ ಹೆಚ್ಚಾಗಿ ಬ್ರಿಟಿಷರಿಂದ, ಕಿತ್ತುಕೊಂಡ 20,000ಕ್ಕೂ ಹೆಚ್ಚು ಪೆಟ್ಟಿಗೆಗಳು ಹುಮೆನ್ ಕಡಲತೀರದಲ್ಲಿ ಬಿದ್ದಿದ್ದವು.

ಸುಟ್ಟರಾಯಿತು, ಅಲ್ವಾ? ಹಿಂದೆ ಎಣ್ಣೆ ಸುರಿದು ಸುಟ್ಟಾಗ ಅಫೀಮು ಕರಗಿ ನೆಲಕ್ಕೆ ಇಂಗುತ್ತಿತ್ತು. ಚಟ ಹತ್ತಿದವರು ಆ ಮಣ್ಣನ್ನೇ ಅಗೆದು ಅಫೀಮು ವಾಪಸ್ ತೆಗೆಯುತ್ತಿದ್ದರು! ಹಾಗಾಗಿ ಲಿನ್ ದೊಡ್ಡ ಹೊಂಡಗಳನ್ನು ತೋಡಿಸಿದ. ಉಪ್ಪುನೀರಿಗೆ ಅಫೀಮಿನ ಉಂಡೆಗಳನ್ನು ಒಡೆದು ಹಾಕಿಸಿ, ನೆನೆದ ಮೇಲೆ ಸುಟ್ಟ ಸುಣ್ಣ ಸುರಿಸಿದ. ಸುಟ್ಟ ಸುಣ್ಣಕ್ಕೆ ನೀರು ತಾಗಿದರೆ ಕೊತಕೊತ ಕುದಿಯುತ್ತದೆ, ಗೋಡೆಗೆ ಸುಣ್ಣ ಬಳಿದವರಿಗೆ ಗೊತ್ತು. ಕಡಲು ಇಳಿದಾಗ ತೂಬು ತೆಗೆದರೆ ಎಲ್ಲ ಸಮುದ್ರಪಾಲು. ಕೆಲಸ ಮೂರು ವಾರ ಹಿಡಿಯಿತು. ನೀರು ಕೆಡುತ್ತದೆಂದು ಲಿನ್ ಸಮುದ್ರ ದೇವತೆಯ ಕ್ಷಮೆಯನ್ನೂ ಕೇಳಿದ್ದ.

ಈ ಮಾಲಿನ ಬಹುಪಾಲು ಹೋದದ್ದು ನಮ್ಮ ದೇಶದಿಂದಲೇ. ಬ್ರಿಟನ್ನಿಗೆ ಚೀನಾದ ಚಹಾ ಬೇಕಿತ್ತು. ಚೀನಾಕ್ಕೆ ಬ್ರಿಟನ್ನಿನ ಸರಕು ಅಷ್ಟಾಗಿ ಬೇಕಿರಲಿಲ್ಲ. ಬೆಳ್ಳಿ ಕೊಟ್ಟೇ ಕೊಳ್ಳಬೇಕು. ಅದನ್ನು ತಪ್ಪಿಸಿಕೊಳ್ಳಲು ಈಸ್ಟ್ ಇಂಡಿಯಾ ಕಂಪನಿ ಬಿಹಾರ, ಬನಾರಸ್ ಕಡೆಯ ರೈತರಿಂದ ಗಸಗಸೆ ಬೆಳೆಸಿತು, ಪಟ್ನಾ ಮತ್ತು ಗಾಜೀಪುರದಲ್ಲಿ ಅಫೀಮಿನ ಉಂಡೆ ಕಟ್ಟಿಸಿತು, ಕಲ್ಕತ್ತಾದಲ್ಲಿ ಹರಾಜು ಹಾಕಿತು. ಕಳ್ಳಸಾಗಣೆ ಮಾತ್ರ ಖಾಸಗಿ ವ್ಯಾಪಾರಿಗಳ ಪಾಲಿಗೆ. ಕಂಪನಿ ಕೈಗೆ ಮಸಿಯಿಲ್ಲ!

ಹೌದು, ಪಾಯಸದ ಗಸಗಸೆಯೇ. ಬೀಜದಲ್ಲಿ ಅಮಲು ಇಲ್ಲವೆನ್ನುವಷ್ಟು ಕಡಿಮೆ. ಹಸಿ ಕಾಯಿಗೆ ಗೀರು ಹಾಕಿದಾಗ ಒಸರುವ ಹಾಲು ಒಣಗಿದರೆ ಅಫೀಮು. ಅದರಲ್ಲಿ ಅಮಲೇರಿಸುವ ಮಾರ್ಫಿನ್ ಇರುತ್ತದೆ. ನೋವು ತಗ್ಗಿಸಲು ದೇಹವೇ ತಯಾರಿಸುವ ಎಂಡಾರ್ಫಿನ್‌ಗೆಂದು ಮಿದುಳಿನಲ್ಲಿರುವ ಜಾಗದಲ್ಲಿ ಅದು ಬಂದು ಕೂರುತ್ತದೆ. ನುಂಗಿದರೆ ಹೊಟ್ಟೆ, ಯಕೃತ್ತು ದಾಟಿ ನಿಧಾನಕ್ಕೆ ಏರುತ್ತದೆ. ಚೀನಾದಲ್ಲಿ ಸೇದುತ್ತಿದ್ದರು. ಹೊಗೆಯಾದರೆ ಶ್ವಾಸಕೋಶದಿಂದ ಮಿದುಳಿಗೆ ಕೆಲವೇ ಸೆಕೆಂಡು. ದಿನ ಕಳೆದಂತೆ ಅದೇ ಅಮಲಿಗೆ ಜಾಸ್ತಿ ಬೇಕು. ಬಿಟ್ಟರೆ ಮೈಕೈ ನೋವು, ಭೇದಿ, ನಿದ್ದೆಯಿಲ್ಲ. ಗಿರಾಕಿ ಎಲ್ಲಿಗೆ ಹೋಗುತ್ತಾನೆ?

ಬ್ರಿಟನ್ ಯುದ್ಧನೌಕೆ ಕಳಿಸಿತು. ನೆಮೆಸಿಸ್ ಎಂಬ ಕಬ್ಬಿಣದ ಹಬೆ ಹಡಗಿನ ಮುಂದೆ ಚೀನಾದ ಮರದ ಹಡಗುಗಳ ಆಟ ನಡೆಯಲಿಲ್ಲ. ಲಿನ್ ಗಡೀಪಾರಾದ. 1842ರ ನಾನ್‌ಜಿಂಗ್ ಒಪ್ಪಂದದಲ್ಲಿ ಚೀನಾ ಹಾಂಗ್‌ಕಾಂಗ್ ಬಿಟ್ಟುಕೊಟ್ಟಿತು, 2.1 ಕೋಟಿ ಬೆಳ್ಳಿ ಡಾಲರ್ ಕೊಡಲು ಒಪ್ಪಿತು. ಅದರಲ್ಲಿ 60 ಲಕ್ಷ, ಸುಣ್ಣದ ಹೊಂಡಕ್ಕೆ ಹೋದ ಅಫೀಮಿನ ಬೆಲೆ.

ಆಗಲೂ ಅಫೀಮು ಕಾನೂನಿನ ಪ್ರಕಾರ ಕಳ್ಳಮಾಲೇ. 1856ರಲ್ಲಿ ಶುರುವಾದ ಎರಡನೇ ಯುದ್ಧದ ನಡುವೆ, 1858ರಲ್ಲಿ, ಅದೂ ಬದಲಾಯಿತು. ಸುಂಕದ ಪಟ್ಟಿಯಲ್ಲಿ ಅಫೀಮಿಗೆ ಚೀನೀ ಭಾಷೆಯಲ್ಲಿ ಬರೆದ ಹೆಸರು: ವಿದೇಶಿ ಔಷಧಿ.