ಮುಂಬಯಿ ರೈಲಿನಲ್ಲಿ ರಾತ್ರಿಯೂಟ: ಬುತ್ತಿ ಕಟ್ಟಬೇಕೇ, ಕೊಳ್ಳಬೇಕೇ?

ಪ್ರಶ್ನೆ: ಉಡುಪಿಯಿಂದ ಮತ್ಸ್ಯಗಂಧಾ ರೈಲಿನಲ್ಲಿ ಮುಂಬಯಿಗೆ ಹೊರಟಿದ್ದೇವೆ. ಜೊತೆಗೆ ವಯಸ್ಸಾದ ಅತ್ತೆಯವರು, ಇಬ್ಬರು ಮಕ್ಕಳು. ರಾತ್ರಿಯ ಊಟ ರೈಲಿನಲ್ಲೇ ಸಿಗುತ್ತದೆ ಎಂದು ನಂಬಿಕೊಂಡು ಹೊರಡಬಹುದೇ, ಮನೆಯಿಂದಲೇ ಒಯ್ಯಬೇಕೇ?

ಉತ್ತರ: ಅತ್ತೆಯವರಿಗೂ ಮಕ್ಕಳಿಗೂ ಒಂದು ಹೊತ್ತಿನ ಬುತ್ತಿ ಕಟ್ಟಿಕೊಳ್ಳಿ. ನಿಮಗೆ ಬೇಕಾದರೆ ರೈಲಿನಲ್ಲಿ ಕೊಳ್ಳಿ. ರೈಲಿನ ಊಟ ಕೆಟ್ಟದ್ದೆಂದು ಹೀಗೆ ಹೇಳುತ್ತಿಲ್ಲ. ಈ ಮಾರ್ಗದಲ್ಲಿ ಊಟದ ಹೊತ್ತು ಮತ್ತು ದೊಡ್ಡ ನಿಲ್ದಾಣ ಎರಡೂ ಒಟ್ಟಿಗೆ ಒದಗುವುದು ಒಂದೇ ಕಡೆ, ಮಡಗಾಂವ್‌ನಲ್ಲಿ. ಅದು ತಪ್ಪಿದರೆ ಆಮೇಲೆ ಮಾಡುವುದೇನೂ ಉಳಿಯುವುದಿಲ್ಲ.

ಮಂಗಳೂರು ಸೆಂಟ್ರಲ್‌ನಿಂದ ಮಧ್ಯಾಹ್ನ ಹೊರಡುವ ಈ ರೈಲು ಸಂಜೆಯ ಚಹಾದ ಹೊತ್ತಿಗೆ ಕುಂದಾಪುರ, ಭಟ್ಕಳ ದಾಟುತ್ತದೆ. ಕಾರವಾರ ಬಂದಾಗ ಮಕ್ಕಳಿಗೆ ಹಸಿವು ಶುರುವಾಗಿರುತ್ತದೆ, ಊಟದ ಹೊತ್ತು ಆಗಿರುವುದಿಲ್ಲ. ಮಡಗಾಂವ್ ರಾತ್ರಿ ಎಂಟರ ಆಸುಪಾಸಿಗೆ. ಅಲ್ಲಿಂದ ಮುಂದೆ ಸಣ್ಣ ನಿಲ್ದಾಣಗಳು, ಸುರಂಗಗಳು, ಕತ್ತಲು. ರತ್ನಾಗಿರಿ ಬರುವಾಗ ಬೋಗಿಯಲ್ಲಿ ದೀಪ ಆರಿಸಿ ಎಲ್ಲರೂ ಮಲಗಿರುತ್ತಾರೆ. ಮಳೆಗಾಲದಲ್ಲಿ ಈ ಲೆಕ್ಕವೂ ಸಡಿಲ. ಕೊಂಕಣ ರೈಲ್ವೆ ಪ್ರತಿವರ್ಷ ಜೂನ್‌ನಿಂದ ಅಕ್ಟೋಬರ್‌ವರೆಗೆ ಪ್ರತ್ಯೇಕ ವೇಳಾಪಟ್ಟಿ ಅನುಸರಿಸುತ್ತದೆ. ಭಾರೀ ಮಳೆಯಲ್ಲಿ ಮುಂದಿನ ಹಳಿ ಸರಿಯಾಗಿ ಕಾಣದಿದ್ದರೆ ಗಂಟೆಗೆ 40 ಕಿಲೋಮೀಟರಿಗಿಂತ ಹೆಚ್ಚು ಓಡಿಸಬಾರದೆಂದು ಚಾಲಕರಿಗೆ ಸೂಚನೆ ಇದೆ. ಎಂಟಕ್ಕೆ ಬರಬೇಕಾದ ಮಡಗಾಂವ್ ಒಂಬತ್ತೂವರೆಗೆ ಬಂದರೆ ದೊಡ್ಡವರು ತಡೆದುಕೊಳ್ಳಬಹುದು. ಮಧುಮೇಹದ ಮಾತ್ರೆ ನುಂಗಿ ಕುಳಿತ ಹಿರಿಯರು ತಡೆದುಕೊಳ್ಳಲಾರರು.

ಇನ್ನು ರೈಲಿನೊಳಗೆ ಸಿಗುವ ಊಟದ ವಿಚಾರ. ರೈಲಿನಲ್ಲಿ ಅಡುಗೆ ಬೋಗಿ, ಅಂದರೆ ಪ್ಯಾಂಟ್ರಿ ಕಾರ್, ಇದ್ದೇ ಇರುತ್ತದೆ ಎಂದು ನಮ್ಮೂರಿನ ಹಲವರು ಈಗಲೂ ತಿಳಿದಿದ್ದಾರೆ. ಅದು ಇರುವುದು ಕೆಲವು ರೈಲುಗಳಲ್ಲಿ ಮಾತ್ರ. ಎರ್ನಾಕುಲಂನಿಂದ ನಮ್ಮ ಊರಿನ ಮೇಲೆ ಹಾದು ದೆಹಲಿಯ ನಿಜಾಮುದ್ದೀನ್‌ಗೆ ಹೋಗುವ ಮಂಗಳಾ ಲಕ್ಷದ್ವೀಪದಂತಹ ಎರಡು ರಾತ್ರಿಯ ರೈಲಿಗೆ ಅದು ಬೇಕೇ ಬೇಕು. ಮತ್ಸ್ಯಗಂಧಾಕ್ಕೆ 2025ರಲ್ಲಿ ಹಳೆಯ ಬೋಗಿಗಳ ಬದಲು ಎಲ್‌ಎಚ್‌ಬಿ ಎಂಬ ಹೊಸ ಮಾದರಿಯ ಬೋಗಿಗಳು ಬಂದವು, ಬೋಗಿಗಳ ಜೋಡಣೆಯೂ ಬದಲಾಯಿತು. ಹಾಗಾಗಿ ಹತ್ತು ವರ್ಷದ ಹಿಂದೆ ಪ್ಯಾಂಟ್ರಿಯ ಆಮ್ಲೆಟ್ ತಿಂದ ನೆನಪನ್ನು ನೆಚ್ಚಬೇಡಿ. ಹೊರಡುವ ಮುನ್ನ ಬೋಗಿಗಳ ಕ್ರಮವನ್ನು ನೋಡಿ. ಅದರಲ್ಲಿ ‘ಪಿಸಿ’ ಎಂಬ ಗುರುತು ಇದ್ದರೆ ಅಡುಗೆ ಬೋಗಿ ಇದೆ ಎಂದರ್ಥ.

ಅಡುಗೆ ಬೋಗಿ ಇಲ್ಲದ ರೈಲಿನಲ್ಲಿ ಉಪವಾಸವೇನೂ ಬೀಳಬೇಕಾಗಿಲ್ಲ. ಪರವಾನಗಿ ಪಡೆದ ಮಾರಾಟಗಾರರು ನಿಲ್ದಾಣದ ಅಡುಗೆಮನೆಯಿಂದ ಊಟದ ಡಬ್ಬಿಗಳನ್ನು ತಂದು ಬೋಗಿಯಿಂದ ಬೋಗಿಗೆ ಮಾರುತ್ತಾರೆ. ಸಂಜೆ ಒಬ್ಬರು ಚೀಟಿ ಹಿಡಿದು ಬಂದು ಸೀಟಿನ ಸಂಖ್ಯೆ ಕೇಳಿ ಬರೆದುಕೊಳ್ಳುವುದು ವಾಡಿಕೆ. ‘ಆಮೇಲೆ ನೋಡೋಣ’ ಎಂದು ಅವರನ್ನು ಕಳುಹಿಸಿದವರಿಗೆ ಕೊನೆಗೆ ಸಿಗುವುದು ಚಿಪ್ಸ್ ಮತ್ತು ಬಿಸ್ಕತ್ತು.

ಮೇಲ್ ಮತ್ತು ಎಕ್ಸ್‌ಪ್ರೆಸ್ ರೈಲುಗಳ ಸಾಮಾನ್ಯ ಸಸ್ಯಾಹಾರಿ ಊಟಕ್ಕೆ ನಿಗದಿಯಾದ ದರ ರೈಲಿನಲ್ಲಿ 80 ರೂಪಾಯಿ, ನಿಲ್ದಾಣದ ಮಳಿಗೆಯಲ್ಲಿ 70. ಅದರಲ್ಲಿ ಏನೇನು ಎಷ್ಟೆಷ್ಟು ಇರಬೇಕೆಂಬುದೂ ನಿಗದಿಯಾಗಿದೆ: ಅನ್ನ 150 ಗ್ರಾಂ, ಬೇಳೆ ಅಥವಾ ಸಾಂಬಾರು 150 ಗ್ರಾಂ, ಪಲ್ಯ 100 ಗ್ರಾಂ, ಎರಡು ಪರೋಟ ಅಥವಾ ನಾಲ್ಕು ರೊಟ್ಟಿ, ಮೊಸರು 80 ಗ್ರಾಂ, ಉಪ್ಪಿನಕಾಯಿಯ ಪೊಟ್ಟಣ. ಕುಚ್ಚಲಕ್ಕಿ ಅನ್ನಕ್ಕೆ ಒಗ್ಗಿದ ನಮ್ಮ ಹೊಟ್ಟೆಗೆ ಆ 150 ಗ್ರಾಂ ಬೆಳ್ತಿಗೆ ಅನ್ನ ಎಲ್ಲಿಗೂ ಸಾಲುವುದಿಲ್ಲ, ಅದು ಬೇರೆ ಮಾತು. ರೈಲ್ವೆಯದೇ ಬಾಟಲಿ ನೀರಾದ ರೈಲ್ ನೀರ್ ಒಂದು ಲೀಟರಿಗೆ ಮೊದಲು 15 ರೂಪಾಯಿ ಇತ್ತು, 2025ರ ಸೆಪ್ಟೆಂಬರ್‌ನಲ್ಲಿ 14ಕ್ಕೆ ಇಳಿಯಿತು. ಚಿಲ್ಲರೆ ಇಲ್ಲವೆಂಬ ನೆಪದಲ್ಲಿ ಇಪ್ಪತ್ತು ಕೇಳುವವರಿದ್ದಾರೆ, ಮೊಬೈಲಿನಲ್ಲಿ ಪಾವತಿಸಿ.

ಮೂರನೆಯ ದಾರಿ ಇ-ಕೇಟರಿಂಗ್, ಅಂದರೆ ರೈಲ್ವೆಯ ಊಟ ಮತ್ತು ಟಿಕೆಟ್ ನೋಡಿಕೊಳ್ಳುವ ಸಂಸ್ಥೆ ಐಆರ್‌ಸಿಟಿಸಿಯ ಮೂಲಕ ಹೋಟೆಲಿನ ಊಟ ತರಿಸುವುದು. ‘ಫುಡ್ ಆನ್ ಟ್ರ್ಯಾಕ್’ ಆ್ಯಪ್‌ನಲ್ಲಿ ಅಥವಾ 1323ಕ್ಕೆ ಕರೆ ಮಾಡಿ ಪಿಎನ್‌ಆರ್ ಸಂಖ್ಯೆ ಕೊಟ್ಟರೆ ಮುಂದಿನ ಯಾವ ನಿಲ್ದಾಣದಲ್ಲಿ ಯಾವ ಹೋಟೆಲಿನ ಊಟ ಸಿಗುತ್ತದೆ ಎಂದು ತಿಳಿಯುತ್ತದೆ. ತರಿಸಿದ್ದನ್ನು ಸೀಟಿಗೇ ತಂದುಕೊಡುತ್ತಾರೆ. ನಿಮ್ಮ ಪ್ರಯಾಣಕ್ಕೆ ಮಡಗಾಂವ್ ಹೆಸರಿನಲ್ಲಿ ಹುಡುಕಿ, ಕುಮಟಾ ದಾಟುವ ಮೊದಲೇ ಹೇಳಿಬಿಡಿ. ರೈಲು ತಡವಾಗುತ್ತಿದ್ದರೆ ಮಾತ್ರ ಇದನ್ನು ನೆಚ್ಚಲು ನನಗೆ ಧೈರ್ಯವಿಲ್ಲ.

ಬುತ್ತಿಯಲ್ಲಿ ಏನು ಕಟ್ಟಬೇಕು? ಇಲ್ಲಿ ನನಗೆ ಖಚಿತ ಅಭಿಪ್ರಾಯಗಳಿವೆ. ಕೊಟ್ಟೆ ಕಡುಬಿನಷ್ಟು ರೈಲಿಗೆ ಹೇಳಿಮಾಡಿಸಿದ ತಿಂಡಿ ಇನ್ನೊಂದಿಲ್ಲ. ಹಲಸಿನ ಎಲೆಯ ಕೊಟ್ಟೆಯಲ್ಲಿ ಬೆಂದದ್ದು ಎಲೆಯೊಳಗೇ ಮೆತ್ತಗೆ ಉಳಿಯುತ್ತದೆ, ತಟ್ಟೆ ಬೇಡ, ತಿಂದ ಮೇಲೆ ಉಳಿಯುವುದು ಎಲೆ ಮಾತ್ರ. ಆದರೆ ಅದಕ್ಕೆ ತೆಂಗಿನಕಾಯಿ ಚಟ್ನಿ ಒಯ್ಯಬೇಡಿ. ಕರಾವಳಿಯ ಸೆಕೆಯಲ್ಲಿ ಹಸಿ ಕಾಯಿಯ ಚಟ್ನಿ ಕಾರವಾರ ಮುಟ್ಟುವಷ್ಟರಲ್ಲಿ ಹಳಸಿರುತ್ತದೆ. ಚಟ್ನಿಪುಡಿ ಮತ್ತು ತೆಂಗಿನೆಣ್ಣೆ ಸಾಕು. ನೀರುದೋಸೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ, ಗೋಳಿಬಜೆ ಜೋಲುಬೀಳುತ್ತದೆ. ಬನ್ಸ್ ಮರುದಿನ ಬೆಳಗಿನವರೆಗೂ ಚೆನ್ನಾಗಿರುತ್ತದೆ. ಅತ್ತೆಯವರಿಗೆ ಮೊಸರನ್ನವೇ ಬೇಕೆಂದರೆ ಅನ್ನಕ್ಕೆ ಹೆಚ್ಚು ಹಾಲು, ಒಂದೇ ಚಮಚ ಮೊಸರು ಹಾಕಿ ಕಲಸಿ. ಊಟದ ಹೊತ್ತಿಗೆ ಹುಳಿ ಹದಕ್ಕೆ ಬಂದಿರುತ್ತದೆ. ಮೀನಿನ ಗಸಿಯ ಆಸೆ ನನಗೂ ಉಂಟು, ಆದರೆ ಎಸಿ ಬೋಗಿಯ ಕಿಟಕಿ ತೆರೆಯುವುದಿಲ್ಲ, ಎದುರಿನ ಸೀಟಿನವರಿಗೂ ಮೂಗಿದೆ. ಕೋರಿ ರೊಟ್ಟಿಯ ರೊಟ್ಟಿ ಒಯ್ಯುವುದು ಸುಲಭ, ಸಾರು ಚೆಲ್ಲದಂತೆ ಒಯ್ದವರನ್ನು ನಾನು ಕಂಡಿಲ್ಲ.

ಊಟವನ್ನು ಹೊರಗೆ ಕಟ್ಟಿಸುವುದಾದರೆ ಉಡುಪಿ ಪೇಟೆಯಲ್ಲೇ ಕಟ್ಟಿಸಿಕೊಳ್ಳಿ. ನಿಲ್ದಾಣ ಇರುವುದು ಇಂದ್ರಾಳಿಯಲ್ಲಿ. ರಥಬೀದಿಯ ಹೋಟೆಲುಗಳು ಅಲ್ಲಿಗೆ ನಡೆದು ಬರುವುದಿಲ್ಲ.

ಬೇರೆ ರೈಲು ಹಿಡಿಯುವವರಿಗೂ ಎರಡು ಮಾತು. ಮಂಗಳೂರು ಜಂಕ್ಷನ್ ಮೂಲಕ ದೆಹಲಿಗೆ ಹೋಗುವ ರಾಜಧಾನಿಯಲ್ಲಿ ಊಟದ ದುಡ್ಡು ಟಿಕೆಟ್ಟಿನಲ್ಲೇ ಸೇರಿರುತ್ತದೆ, ಬೇಡವೆಂದರೆ ಟಿಕೆಟ್ ಕಾಯ್ದಿರಿಸುವಾಗಲೇ ಬೇಡ ಎನ್ನಬೇಕು. ಬೆಂಗಳೂರಿಗೆ ಪಂಚಗಂಗಾದಲ್ಲಿ ಹೋಗುವವರು ಉಂಡೇ ರೈಲು ಹತ್ತಿ. ಸುಬ್ರಹ್ಮಣ್ಯ ರಸ್ತೆಯಿಂದ ಸಕಲೇಶಪುರದವರೆಗಿನ ಸುಮಾರು 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗಗಳಿವೆ, ರೈಲು ನಿಧಾನವಾಗಿ ಏರುತ್ತದೆ, ನಡುರಾತ್ರಿ ಅಲ್ಲಿ ಚಹಾ ಕೂಡ ಕನಸು.

ಕೊನೆಯದಾಗಿ ಬಿಲ್ಲು. ಬಿಲ್ಲು ಕೊಡದಿದ್ದರೆ ಪದಾರ್ಥ ಉಚಿತ ಎಂಬ ನಿಯಮವನ್ನು ರೈಲ್ವೆಯೇ ಸಾರಿದೆ. ಕೇಳಲು ಸಂಕೋಚ ಬೇಡ. ಕೇಳಿದ ಕೂಡಲೇ ನೂರಿಪ್ಪತ್ತರ ಊಟ ಎಂಬತ್ತಕ್ಕೆ ಇಳಿಯುವುದೂ ಉಂಟು. ಜಗಳಕ್ಕೆ ನಿಲ್ಲದೆ 139ಕ್ಕೆ ಕರೆ ಮಾಡಿ ಅಥವಾ ರೈಲ್‌ಮದದ್ ಆ್ಯಪ್‌ನಲ್ಲಿ ದೂರು ಬರೆಯಿರಿ. ಪಿಎನ್‌ಆರ್, ಬೋಗಿ ಮತ್ತು ಸೀಟಿನ ಸಂಖ್ಯೆ, ಮಾರಾಟಗಾರರ ಗುರುತುಚೀಟಿಯಲ್ಲಿರುವ ಹೆಸರು, ಊಟದ ಡಬ್ಬಿಯ ಮೇಲಿನ ಚೀಟಿಯ ಒಂದು ಚಿತ್ರ ಇಷ್ಟನ್ನು ರೈಲಿನಿಂದ ಇಳಿಯುವ ಮೊದಲೇ ಕಳುಹಿಸಿ.