ಅಮ್ಮ ‘ಬೇಡ’ ಎಂದರೂ ನರ್ಸ್ ದೂರು ಕೊಡಬೇಕೆ?

ಪ್ರಶ್ನೆ: ಉಡುಪಿಯಲ್ಲಿ ನರ್ಸ್ ಆಗಿದ್ದೇನೆ. ವಾರ್ಡಿನಲ್ಲಿರುವ ವೃದ್ಧೆಗೆ ಮನೆಯಲ್ಲಿ ಹೊಡೆಯುತ್ತಾರೆಂಬ ಅನುಮಾನ. ಕೇಳಿದರೆ, ‘ಯಾರಿಗೂ ಹೇಳ್ಬೇಡಿ ಸಿಸ್ಟರ್, ನಾಳೆ ನಾನು ಹೋಗ್ಬೇಕಾದದ್ದು ಅದೇ ಮನೆಗೆ ಅಲ್ವಾ’ ಅನ್ನುತ್ತಾರೆ. ಪೊಲೀಸರಿಗೆ ತಿಳಿಸುವುದು ನನಗೆ ಕಡ್ಡಾಯವೇ?

ಉತ್ತರ: ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದವರು ತಿಳಿಸಲೇಬೇಕು ಎನ್ನುತ್ತದೆ 2012ರ ಪೋಕ್ಸೊ ಕಾಯ್ದೆ. ಹಿರಿಯ ನಾಗರಿಕರ 2007ರ ಕಾಯ್ದೆಯಲ್ಲಿ ನರ್ಸ್‌ಗಳಿಗೆ ಅಂಥ ಕಟ್ಟಳೆ ಇಲ್ಲ. ಇಲ್ಲದಿರುವುದೇ ಸರಿ ಅನ್ನಿಸುತ್ತದೆ. ಬುದ್ಧಿ ಸ್ವಾಧೀನದಲ್ಲಿರುವ ಹಿರಿಯರು ಮಕ್ಕಳಲ್ಲ. ಬಾಯಿಬಿಟ್ಟರೆ ಪೊಲೀಸರು ಬರುತ್ತಾರೆಂದು ಗೊತ್ತಾದರೆ ಮುಂದಿನ ಸಲ ‘ಬಚ್ಚಲಲ್ಲಿ ಜಾರಿದೆ’ ಅನ್ನುತ್ತಾರೆ. ಇಲ್ಲವೇ ಮನೆಯವರು ಆಸ್ಪತ್ರೆಗೇ ಕರೆತರುವುದಿಲ್ಲ.

ಹಾಗೆಂದು ಗುಟ್ಟು ಕಾಯುವ ಮಾತು ಕೊಡಬೇಡಿ. ಗಾಯ ಸಂಶಯಾಸ್ಪದವಾಗಿದ್ದರೆ ಎಂಎಲ್‌ಸಿ (ಕಾನೂನಿಗೆ ಸಂಬಂಧಿಸಿದ ಪ್ರಕರಣವೆಂದು ದಾಖಲಿಸಿ ಪೊಲೀಸರಿಗೆ ತಿಳಿಸುವುದು) ಮಾಡುವುದು ವೈದ್ಯರ ಹೊಣೆ, ಅದಕ್ಕೆ ರೋಗಿಯ ಒಪ್ಪಿಗೆ ಬೇಕಿಲ್ಲ. ಇದನ್ನು ಅವರಿಗೆ ಮೊದಲೇ ಹೇಳಿಬಿಡುವುದು ನ್ಯಾಯ. ಮರೆವಿನ ಕಾಯಿಲೆ ಇದ್ದರೆ, ಜೀವಕ್ಕೆ ಅಪಾಯವಿದ್ದರೆ ‘ಬೇಡ’ ಎಂದದ್ದನ್ನು ನೆಪ ಮಾಡಿ ಸುಮ್ಮನಿರುವಂತಿಲ್ಲ. ಡ್ಯೂಟಿ ಡಾಕ್ಟರಿಗೆ ಆಗಲೇ ತಿಳಿಸಿ. ಹೋಮ್ ನರ್ಸ್ ಆಗಿದ್ದರೆ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ.

ಮಾತಾಡಿಸುವಾಗ ಅವರೊಬ್ಬರೇ ಇರಬೇಕು. ಜೊತೆಗಿದ್ದವರನ್ನು ಔಷಧ ತರಲು ಕಳಿಸಿ. ಕೇಸ್ ಶೀಟಿನಲ್ಲಿ ‘ಮಗ ಹೊಡೆದಿದ್ದಾನೆ’ ಎಂದು ನೀವೇ ತೀರ್ಮಾನ ಬರೆದರೆ ಮುಂದೆ ಅದು ನಿಲ್ಲುವುದಿಲ್ಲ. ‘ಎಡ ತೋಳಿನ ಒಳಭಾಗ, 3 ಸೆಂಟಿಮೀಟರ್, ನೇರಳೆ ಬಣ್ಣ’ ಎಂದು ಕಂಡದ್ದನ್ನೂ ಅವರ ಮಾತನ್ನು ಅವರದೇ ಶಬ್ದಗಳಲ್ಲೂ ಬರೆಯಿರಿ. ತಾರೀಕು, ಸಮಯ, ಸಹಿ ಇರಲಿ. ಬಣ್ಣ ನೋಡಿ ಗಾಯ ಎಷ್ಟು ದಿನದ್ದೆಂದು ಹೇಳಲು ಹೋಗಬೇಡಿ. ವಯಸ್ಸಾದವರಿಗೆ, ಅದರಲ್ಲೂ ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ವಾರ್ಫರಿನ್ ನುಂಗುವವರಿಗೆ ಮುಂಗೈಯಲ್ಲಿ ತಾನಾಗಿಯೇ ಚರ್ಮದಡಿ ರಕ್ತ ಒಸರಿ ಕಲೆಯಾಗುವುದುಂಟು. ಎರಡೂ ತೋಳುಗಳಲ್ಲಿ ಬೆರಳು ಒತ್ತಿ ಹಿಡಿದಂಥ ಗುರುತು, ಕಿವಿಯ ಹಿಂದೆ ಪೆಟ್ಟು ಕಂಡರೆ ಮಾತ್ರ ಅದನ್ನು ಔಷಧದ ಲೆಕ್ಕಕ್ಕೆ ಹಾಕಬೇಡಿ.

ಹೊಡೆತವಲ್ಲ, ಊಟ-ಖರ್ಚಿಗೆ ಕೊಡದೆ ಬಿಟ್ಟಿದ್ದಾರೆ ಎಂದಾದರೆ ದಾರಿ ಬೇರೆ. ಸಹಾಯಕ ಕಮಿಷನರ್ ನೇತೃತ್ವದ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಉಡುಪಿ ಜಿಲ್ಲೆಯವರಿಗೆ ಅದು ಕುಂದಾಪುರದಲ್ಲಿದೆ, ಮಂಗಳೂರಿನವರಿಗೆ ಊರಲ್ಲೇ. ಓಡಾಡಲಾಗದವರು ಬೇರೆಯವರಿಗೆ ಅಧಿಕಾರ ಕೊಟ್ಟು ಅರ್ಜಿ ಹಾಕಿಸಬಹುದು. ಅದಕ್ಕೂ ಮೊದಲು ಹಿರಿಯ ನಾಗರಿಕರ 14567 ಸಹಾಯವಾಣಿಗೆ ಅವರ ಕೈಯಲ್ಲೇ, ವಾರ್ಡಿನ ಫೋನಿನಿಂದ ಮಾತಾಡಿಸಿ. ಅವರ ಮೊಬೈಲಿನಿಂದ ಬೇಡ, ಕರೆಯ ಪಟ್ಟಿಯನ್ನು ಮನೆಯಲ್ಲಿ ನೋಡುವವರಿರುತ್ತಾರೆ.