ಸಾಲುಗಳೇ ಇಲ್ಲದ ಲೈಬ್ರರಿ

ಐಬಿಎಂ ಮೈನ್‌ಫ್ರೇಮ್‌ನಲ್ಲಿ ಫೈಲ್‌ಗೆ ಡೇಟಾಸೆಟ್ ಎನ್ನುತ್ತಾರೆ. ಅದನ್ನು ತೆರೆಯುವ ಮೊದಲೇ ಅಳತೆ ಕೊಡಬೇಕು. ರೆಕಾರ್ಡ್, ಅಂದರೆ ಒಂದು ಸಾಲು, ಎಷ್ಟು ಉದ್ದ, ಎಲ್ಲವೂ ಒಂದೇ ಉದ್ದವೇ, ಡಿಸ್ಕ್‌ಗೆ ಒಂದು ಸಲಕ್ಕೆ ಬರೆಯುವ ಕಂತು, ಅಂದರೆ ಬ್ಲಾಕ್, ಎಷ್ಟು ಬೈಟ್, ಎಲ್ಲ.

ಸೋರ್ಸ್ ಕೋಡ್‌ನದು ಸುಲಭ. ಪ್ರತಿ ರೆಕಾರ್ಡ್ 80 ಬೈಟ್. ಈ 80 ಬಂದದ್ದು 1928ರ ಪಂಚ್ ಕಾರ್ಡ್‌ನಿಂದ. ಕಾರ್ಡ್ ಹೋಯಿತು, ಅಗಲ ಉಳಿಯಿತು. ಬ್ಲಾಕ್ ಅಳತೆ ಸಾಮಾನ್ಯವಾಗಿ 27,920. ಇದೆಂಥ ಸಂಖ್ಯೆ? ಐಬಿಎಂನ 3390 ಮಾದರಿಯ ಡಿಸ್ಕ್‌ನ ಒಂದು ಟ್ರ್ಯಾಕ್‌ನಲ್ಲಿ (ಡಿಸ್ಕ್‌ನ ಒಂದು ಸುತ್ತಿನಲ್ಲಿ) ಎರಡು ಬ್ಲಾಕ್ ಕೂರಬೇಕಾದರೆ ಒಂದೊಂದೂ 27,998 ಬೈಟ್ ದಾಟಬಾರದು. 80ರ ಮಗ್ಗಿಯಲ್ಲಿ ಅದರೊಳಗೆ ಸಿಗುವ ದೊಡ್ಡ ಸಂಖ್ಯೆ 27,920. ಎರಡೇ ಎರಡು ಬೈಟ್‌ನಲ್ಲಿ 28,000 ತಪ್ಪಿಹೋಯಿತು, ನೋಡಿ!

ಓಡಲು ಸಿದ್ಧವಾದ ಪ್ರೋಗ್ರಾಂಗೆ ಈ ಲೆಕ್ಕ ನಡೆಯುವುದಿಲ್ಲ. ಅದರಲ್ಲಿ ಸಾಲುಗಳೇ ಇಲ್ಲ. ಹೆಸರುಗಳ ಪಟ್ಟಿ, ಯಂತ್ರದ ಆದೇಶಗಳು, ವಿಳಾಸ ಸರಿಪಡಿಸುವ ಮಾಹಿತಿ, ಒಂದೊಂದರದೂ ಒಂದೊಂದು ಉದ್ದ. ಹಾಗಾಗಿ ಇಂಥ ಪ್ರೋಗ್ರಾಂಗಳನ್ನು ಇಡುವ ಲೋಡ್ ಲೈಬ್ರರಿಗೆ ಫಾರ್ಮ್ಯಾಟ್ 'ಯು', ರೆಕಾರ್ಡ್ ಉದ್ದ 0. ಅಂದರೆ, 'ಬಂದದ್ದನ್ನು ಬಂದ ಹಾಗೇ ಇಟ್ಟುಕೋ.'

ಬ್ಲಾಕ್ ಅಳತೆ 32,760 ಕೊಡಿ. ಇಲ್ಲಿ ಅನುಭವಿಗಳೂ ಎಡವುತ್ತಾರೆ. ಅರ್ಧ ಟ್ರ್ಯಾಕೇ ಒಳ್ಳೆಯದು ಅಂತ ಅಭ್ಯಾಸವಾಗಿಬಿಟ್ಟಿದೆ ಅಲ್ವಾ? ಅಂಥ ಎರಡು ಬ್ಲಾಕ್ ಒಂದು ಟ್ರ್ಯಾಕ್‌ನಲ್ಲಿ ಹಿಡಿಸುವುದಿಲ್ಲ ನಿಜ. ಉಳಿದ ಸುಮಾರು 23,000 ಬೈಟ್ ಜಾಗ ದಂಡ ಅನ್ನಿಸುತ್ತದೆ. ಆದರೆ ಪ್ರೋಗ್ರಾಂ ಜೋಡಿಸಿ ಲೈಬ್ರರಿಗೆ ಬರೆಯುವ ಬೈಂಡರ್ ಜಾಣ. ಟ್ರ್ಯಾಕ್‌ನಲ್ಲಿ ಎಷ್ಟು ಉಳಿದಿದೆ ಎಂದು ಕೇಳಿಕೊಂಡು, ಮುಂದಿನ ತುಂಡನ್ನು ಅಷ್ಟಕ್ಕೇ ಕತ್ತರಿಸಿ ತುಂಬುತ್ತದೆ. ಅದಕ್ಕೆ ನಾವು ಕೊಡುವ ಸಂಖ್ಯೆ ಗರಿಷ್ಠ ಮಿತಿ ಅಷ್ಟೇ. ಅದನ್ನು ಸುಮ್ನೆ ಇಳಿಸಿದರೆ ತುಂಡು ಜಾಸ್ತಿ, ನಡುವಿನ ಖಾಲಿ ಜಾಗವೂ ಜಾಸ್ತಿ.

ಒಂದು ಅವಾಂತರ ಮಾತ್ರ ಆಗಾಗ ನಡೆಯುತ್ತದೆ. ಯಾರೋ ಕಣ್ತಪ್ಪಿ 80 ಬೈಟ್‌ನ ಪಠ್ಯವನ್ನು ಲೋಡ್ ಲೈಬ್ರರಿಯ ಒಂದು ಮೆಂಬರ್ (ಲೈಬ್ರರಿಯೊಳಗಿನ ಒಂದು ಫೈಲ್) ಆಗಿ ಬರೆಯುತ್ತಾರೆ. ಲೈಬ್ರರಿಯ ಅಳತೆಗಳನ್ನು ಹೇಳುವ, ಡಿಸ್ಕ್‌ನಲ್ಲಿರುವ ಲೇಬಲ್ ಬದಲಾಗುತ್ತದೆ. ನಿನ್ನೆವರೆಗೆ ಓಡುತ್ತಿದ್ದ ಪ್ರೋಗ್ರಾಂಗಳು ಇಂದು ಲೋಡೇ ಆಗುವುದಿಲ್ಲ. ಎದೆ ಧಸಕ್ ಅನ್ನುತ್ತದೆ. ಆದರೆ ಹಳೆಯ ಪ್ರೋಗ್ರಾಂಗಳಿಗೆ ಏನೂ ಆಗಿರುವುದಿಲ್ಲ. 'ಯು', 32,760 ಎಂದು ಹೇಳಿ ಮತ್ತೊಮ್ಮೆ ಬರೆಯಲು ತೆರೆದರೆ ಲೇಬಲ್ ಮೊದಲಿನಂತಾಗುತ್ತದೆ. ಮೆಂಬರ್ ಹೆಸರನ್ನೇ ಕೊಡದೆ ಬರೆದಿದ್ದರೆ ಕಥೆ ಬೇರೆ. ಮೆಂಬರ್‌ಗಳ ಪಟ್ಟಿಯಾದ ಡೈರೆಕ್ಟರಿಯೇ ಅಳಿಸಿಹೋಗುತ್ತದೆ, ಬ್ಯಾಕಪ್ಪೇ ಗತಿ.

ಹೊಸ ಬಗೆಯ ಪಿಡಿಎಸ್‌ಇ ಲೈಬ್ರರಿ ಒಳಗೆಲ್ಲ 4,096 ಬೈಟ್‌ನ ಪುಟಗಳಲ್ಲೇ ಬರೆಯುತ್ತದೆ. ಅಲ್ಲಿ ಬ್ಲಾಕ್ ಅಳತೆಗೆ ಅಷ್ಟು ಮಹತ್ವವಿಲ್ಲ. ಐಬಿಎಂನ ಕೋಬಾಲ್ ಕಂಪೈಲರ್‌ನ 5ನೇ ಆವೃತ್ತಿಯಿಂದ ಮುಂದೆ ತಯಾರಾಗುವ ಪ್ರೋಗ್ರಾಂಗಳಿಗೆ ಪಿಡಿಎಸ್‌ಇಯೇ ಬೇಕು. ಪ್ರೋಗ್ರಾಂ ಇರುವ ಪಿಡಿಎಸ್‌ಇಗೆ ಪಠ್ಯದ ಮೆಂಬರ್ ತುರುಕಲು ಹೋದರೆ ಅದು ಒಳಗೆ ಬಿಟ್ಟುಕೊಳ್ಳುವುದಿಲ್ಲ.